ಕುರ್ಚಿಯ ಒಳಬೆಣೆ

ಬಡಗಿಗಳ ಬೀದಿಯಲ್ಲಿ ಎಲ್ಲರೂ ಅವನನ್ನು ಮೂಲೆಮಟ್ಟ ಎಂದೇ ಕರೆಯುತ್ತಿದ್ದರು. ಮೂಲೆ ನೇರವಾಗಿದೆಯೇ ಎಂದು ನೋಡುವ ಆ ಕಬ್ಬಿಣದ ಸಾಮಾನು ಯಾವಾಗಲೂ ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ಮೊದಲು ಬಗ್ಗಿ ಅದರ ಕಾಲಿಗೆ ಮಟ್ಟ ಹಿಡಿದು ನೋಡುತ್ತಿದ್ದ. ಒಮ್ಮೆ ಆಸ್ಪತ್ರೆಗೆ ಯಾರನ್ನೋ ನೋಡಲು ಹೋದವನು, ಮಲಗಿದ್ದವರ ಯೋಗಕ್ಷೇಮ ವಿಚಾರಿಸುವುದನ್ನು ಬಿಟ್ಟು, ಬಾಗಿಲ ಚೌಕಟ್ಟು ಸೊಟ್ಟಗಿದೆ ಎಂದು ಕಂಡುಹಿಡಿದು ಬಂದಿದ್ದ. ಮರದ ವಿಷಯದಲ್ಲಿ ಅವನ ಅನುಮಾನ ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಆದರೆ ಪುಣ್ಯಾತ್ಮ, ಮನುಷ್ಯರಿಗೂ ಅದೇ ಮಟ್ಟ ಹಿಡಿಯುತ್ತಿದ್ದ, ತೊಂದರೆ ಇದ್ದದ್ದು ಅಲ್ಲಿ.

ಆ ವರ್ಷ ಮರಗೆಲಸದ ಪ್ರಶಸ್ತಿ ಸಮಿತಿಯವರು ಅವನನ್ನು ತೀರ್ಪುಗಾರನಾಗಿ ಕರೆದರು. ಮರದ ಕಟ್ಟಡಕ್ಕೆ ಒಂದು ಪ್ರಶಸ್ತಿ, ಮನೆಯ ಮರದ ಸಾಮಾನಿಗೆ ಒಂದು. ಹಿಂದೊಮ್ಮೆ ಗ್ರಂಥಾಲಯವೊಂದರ ಮರದ ಮೆಟ್ಟಿಲುಗಳಿಗಾಗಿ ಅವನಿಗೂ ಕಟ್ಟಡದ ಪ್ರಶಸ್ತಿ ಬಂದಿತ್ತು. ಈ ಸಲ ಸಾಮಾನಿನ ವಿಭಾಗಕ್ಕೆ ಕೈ ಇರುವ ಕುರ್ಚಿ ಮಾಡಬೇಕೆಂದು ಗೊತ್ತುಮಾಡಿದ್ದರು. ಕಬ್ಬಿಣದ ಮೊಳೆ ಇರಕೂಡದು, ಸ್ಕ್ರೂ ಇರಕೂಡದು, ಒಂದು ತೊಟ್ಟು ಅಂಟೂ ಇರಕೂಡದು. ಮರ ಮರವನ್ನೇ ಹಿಡಿದು ನಿಲ್ಲಬೇಕು. ಆ ಜೋಡಣೆಗಳನ್ನು ಪರೀಕ್ಷಿಸುವ ಕೆಲಸ ಮೂಲೆಮಟ್ಟನ ಪಾಲಿಗೆ ಬಂತು. ಅನುಮಾನ ಪಡುವುದಕ್ಕೆ ಕರೆದು ಮರ್ಯಾದೆ ಕೊಟ್ಟರೆ ಅವನು ಬೇಡ ಎನ್ನುತ್ತಾನೆಯೇ? ಹೊಸ ಅಂಗಿ ಹೊಲಿಸಿಕೊಂಡ. ಜೇಬು ಸ್ವಲ್ಪ ಆಳವಾಗಿರಲಿ ಎಂದು ದರ್ಜಿಗೆ ಹೇಳಿದ.

ಅವನಿಗೆ ಕೆಲಸ ಕಲಿಸಿದವನು ಅವನ ಮಾವ, ಅಂದರೆ ಹೆಂಡತಿಯ ಅಪ್ಪ. ಮಾವನ ಕೈಯ ವಿಶೇಷವೆಂದರೆ ಒಳಬೆಣೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಕುಳಿ ತೋಡುತ್ತಾರೆ. ಕುಳಿ ಬಾಯಲ್ಲಿ ಕಿರಿದು, ಒಳಗೆ ಅಗಲ. ನಾಲಿಗೆಯ ತುದಿಯನ್ನು ಸೀಳಿ, ಸೀಳಿನಲ್ಲಿ ಸಣ್ಣ ಬೆಣೆಗಳ ಮೂತಿ ಸಿಕ್ಕಿಸಿ, ಹಾಗೇ ಕುಳಿಗೆ ಇಟ್ಟು ಬಡಿಯುತ್ತಾರೆ. ಬೆಣೆಗಳು ಕುಳಿಯ ತಳಕ್ಕೆ ತಾಗಿ ನಾಲಿಗೆಯೊಳಕ್ಕೆ ನುಗ್ಗುತ್ತವೆ, ನಾಲಿಗೆ ಒಳಗೇ ಅರಳಿ ಕಚ್ಚಿಕೊಳ್ಳುತ್ತದೆ. ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ. ಒಮ್ಮೆ ಬಡಿದ ಮೇಲೆ ಬಿಚ್ಚುವ ಮಾತಿಲ್ಲ, ಒಡೆದೇ ತೆಗೆಯಬೇಕು. ಬೆಣೆಗೆ ಕುರ್ಚಿಯ ಮರವನ್ನೇ ಬಳಸಬೇಕು, ಬೇರೆ ಮರ ಮುಟ್ಟಬಾರದು ಎಂಬುದು ಮಾವನ ಕಟ್ಟಪ್ಪಣೆಯಾಗಿತ್ತು.

ಈ ವಿದ್ಯೆ ಕಲಿತವರು ಇಬ್ಬರೇ. ಒಬ್ಬ ಮೂಲೆಮಟ್ಟ, ಇನ್ನೊಬ್ಬ ಮಾವನ ಮಗ, ಅಂದರೆ ಅವನ ಬಾಮೈದ. ಮಾವ ತೀರಿಕೊಂಡ ಮೇಲೆ ಬಾಮೈದ ಬೀದಿಯ ಆ ಕೊನೆಗೆ ಬೇರೆ ಅಂಗಡಿ ಹಾಕಿಕೊಂಡಿದ್ದ. ಜಗಳವೇನೂ ಆಗಿರಲಿಲ್ಲ. ಇಡೀ ದಿನ ಬೆನ್ನ ಹಿಂದೆ ನಿಂತು ಮಟ್ಟ ಹಿಡಿಯುವವನ ಜೊತೆ ಯಾರು ತಾನೇ ಕೆಲಸ ಮಾಡುತ್ತಾರೆ ಎಂದು ಹೆಂಡತಿ ಬಂದವರ ಮುಂದೆಲ್ಲ ನಗುತ್ತ ಹೇಳುತ್ತಿದ್ದಳು. ಮೂಲೆಮಟ್ಟ ಮಾತ್ರ ನಗುತ್ತಿರಲಿಲ್ಲ. ಬಾಮೈದನ ಕೈ ಚುರುಕು ಎಂಬುದನ್ನು ಅವನು ಒಪ್ಪುತ್ತಿದ್ದ, ಆದರೆ ಆ ಚುರುಕೇ ಅವನಿಗೆ ಅನುಮಾನ. ಕಲಿಯುವ ಕಾಲದಲ್ಲಿ ಸಡಿಲವಾದ ಒಂದು ಮೇಜಿನ ಡ್ರಾಯರಿಗೆ ಬಾಮೈದ ಕದ್ದು ಅಂಟು ಹಾಕಿದ್ದ. ಆಗ ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನ ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದರೂ ಭಾವ ಆ ಡ್ರಾಯರನ್ನು ಮರೆತಿರಲಿಲ್ಲ.

ಪ್ರಶಸ್ತಿಯ ಸುದ್ದಿ ಬಂದ ಹೊಸತರಲ್ಲೇ ಮೂಲೆಮಟ್ಟನ ಅಂಗಡಿಯಿಂದ ಮಾವನ ಕೊಡತಿ ಕಾಣೆಯಾಯಿತು. ಕೊಡತಿ ಅಂದರೆ ಉಳಿ ಬಡಿಯುವ ಮರದ ಸುತ್ತಿಗೆ. ತಲೆ ಬಿರುಕು ಬಿಟ್ಟಿದ್ದರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ, ಗೋಡೆಯ ಮೊಳೆಗೆ ತೂಗುಹಾಕಿದ್ದರು. ಅವತ್ತು ಮೊಳೆ ಇತ್ತು, ಕೊಡತಿ ಇರಲಿಲ್ಲ.

"ಇಲ್ಲಿದ್ದ ಕೊಡತಿ ಎಲ್ಲಿ?" ಎಂದು ಅವನು ಹೆಂಡತಿಯನ್ನು ಕೇಳಿದ.

"ಅದೇನು ಕಾಲು ಬಂದು ಓಡಿಹೋಯ್ತಾ? ಎಲ್ಲೋ ಇರುತ್ತೆ ಬಿಡಿ," ಎಂದು ಅವಳು ಒಣಗಿದ ಬಟ್ಟೆ ಮಡಚುತ್ತಲೇ ಹೇಳಿದಳು.

"ನಿನ್ನ ತಮ್ಮ ಬಂದಿದ್ನಾ?"

"ನನ್ನ ತಮ್ಮ ನನ್ನ ಮನೆಗೆ ಬರೋಕೆ ನಿಮ್ಮ ಹತ್ರ ಚೀಟಿ ಬರೆಸ್ಕೋಬೇಕಾ?"

"ಬಂದಿದ್ನಾ ಇಲ್ವಾ, ಅಷ್ಟು ಹೇಳು."

"ಬಂದಿದ್ದ. ಚಹಾ ಕುಡಿದ, ಹೋದ. ಲೋಟ ತೊಳೆದು ಇಟ್ಟಿದೀನಿ. ಅದಕ್ಕೂ ಮಟ್ಟ ಹಿಡಿದು ನೋಡ್ತೀರಾ?"

ಅವಳು ಮಾತು ಹೊರಳಿಸುವ ರೀತಿ ಅವನಿಗೆ ಹೊಸದೇನಲ್ಲ. ಆದರೆ ಆಮೇಲಾಮೇಲೆ ಅವಳು ಊಟದ ಡಬ್ಬಿ ಹಿಡಿದು ಬೀದಿಯ ಆ ಕೊನೆಗೆ ಹೋಗುವುದು ಹೆಚ್ಚಾಯಿತು. ಅಕ್ಕ ತಮ್ಮ ಫೋನಿನಲ್ಲಿ ಮಾತಾಡುವಾಗ ಇವನು ಒಳಗೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬಾಮೈದನ ಅಂಗಡಿಯ ಬಾಗಿಲು ಹಗಲಲ್ಲೂ ಮುಚ್ಚಿರುತ್ತಿತ್ತು. ಒಂದು ದಿನ ಇವನು ಬೇಕೆಂದೇ ಆ ಕಡೆಯಿಂದ ಸುತ್ತಿಕೊಂಡು ಬಂದು ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದ. ಕಪಾಟಿನ ಮೇಲೆ ಅಂಟಿನ ದೊಡ್ಡ ಡಬ್ಬಿ ಕೂತಿತ್ತು. ಅದರ ಬಾಯಲ್ಲಿ ಇನ್ನೂ ಒಣಗದ ಬಿಳಿ ಹನಿ. ಬಾಮೈದ ಸ್ಪರ್ಧೆಗೆ ಅಂಟು ಹಾಕಿದ ಕುರ್ಚಿ ಮಾಡುತ್ತಿದ್ದಾನೆ ಎನ್ನಲು ಅವನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವನು ಊಟಕ್ಕೆ ಕೂತರೂ ಆ ಬಿಳಿ ಹನಿಯೇ ಕಣ್ಣ ಮುಂದೆ ನಿಂತಿತ್ತು.

ಸ್ಪರ್ಧೆಯ ಕುರ್ಚಿಗಳನ್ನು ಒಂದು ಹಳೆಯ ಗೋದಾಮಿನಲ್ಲಿ ಸಾಲಾಗಿ ಇಟ್ಟಿದ್ದರು. ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದು, ಒಳಗೆಲ್ಲ ಹೊಸ ಮರದ, ಮೇಣದ ವಾಸನೆ. ಮಾಡಿದವರ ಹೆಸರಿಲ್ಲ, ನಂಬರು ಮಾತ್ರ. ಸಮಿತಿಯ ಮುಖ್ಯಸ್ಥೆ ಒಬ್ಬರು ಆರ್ಕಿಟೆಕ್ಟ್, ಬಾಯ್ಕಟ್ ಕೂದಲಿನ ಹಿರಿಯ ಹೆಂಗಸು. ಕುರ್ಚಿಯನ್ನು ನೋಡುವ ಮೊದಲು ಅದರಲ್ಲಿ ಕೂತು, ಕಣ್ಣು ಮುಚ್ಚಿ, ಆಮೇಲೆ ಎದ್ದು ಬಂದು ನೋಡುವ ಅಭ್ಯಾಸ ಆಕೆಯದು. ಶುರುವಿನಲ್ಲೇ ಆಕೆ ಹೇಳಿದ್ದರು, "ಇದರಲ್ಲಿ ಯಾವುದಾದ್ರೂ ನಿಮ್ಮ ಪರಿಚಯದವರ ಕೆಲಸ ಅನ್ನಿಸಿದ್ರೆ ತಿಳಿಸಿ. ಆ ಕುರ್ಚಿನ ಬೇರೆಯವರ ಕೈಲಿ ನೋಡಿಸೋಣ."

ಮೂಲೆಮಟ್ಟ ಹದಿನೇಳನೆಯ ಕುರ್ಚಿಯ ಮುಂದೆ ಬಂದು ನಿಂತು, ಕುರ್ಚಿಯ ಕೈಯ ಕೆಳಗೆ ಬೆರಳಾಡಿಸಿದ. ಕೈಯ ಅಡಿಭಾಗವನ್ನೂ ಮೇಲ್ಭಾಗದಷ್ಟೇ ನುಣ್ಣಗೆ ಕೀಸಿದ್ದರು. ಯಾರ ಕಣ್ಣಿಗೂ ಬೀಳದ ಜಾಗ ಅದು, ಆದರೆ ಕೂತವರ ಬೆರಳು ಹೋಗುವುದು ಅಲ್ಲಿಗೇ ಎಂದು ಮಾವ ಹೇಳುತ್ತಿದ್ದ. ಮುಂಗಾಲು ನೆಲದಿಂದ ಒಂದೇ ಓಟದಲ್ಲಿ ಮೇಲೆದ್ದು ಬಂದು ಕುರ್ಚಿಯ ಕೈಯನ್ನು ಹೊತ್ತಿತ್ತು. ಸೊಂಟದ ಬಳಿ ಸ್ವಲ್ಪವೇ ಬಳುಕಿದ ಆ ಗೆರೆಯನ್ನು ಈ ಊರಿನಲ್ಲಿ ಇಬ್ಬರೇ ಎಳೆಯಬಲ್ಲರು. ಒಬ್ಬ ಇಲ್ಲೇ ನಿಂತಿದ್ದಾನೆ.

ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಕಾಣುತ್ತಿರುವುದು ನಂಬರು, ಮನುಷ್ಯ ಅಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ನಿಜವಾಗಿ ಅವನಿಗೆ ಆ ಕುರ್ಚಿಯನ್ನು ಬೇರೆಯವರ ಕೈಗೆ ಬಿಡಲು ಮನಸ್ಸಿರಲಿಲ್ಲ. ಬೇರೆಯವರಾದರೆ ಅದರ ಅಂದಕ್ಕೇ ಮರುಳಾಗಿ ಮುಂದೆ ಹೋಗುತ್ತಾರೆ, ಮೋಸ ಕುರ್ಚಿಯ ಹೊಟ್ಟೆಯೊಳಗೇ ಉಳಿದುಬಿಡುತ್ತದೆ ಎಂದು ಅವನ ಲೆಕ್ಕ.

ಮಟ್ಟ ಹಿಡಿದ. ಕೂದಲೆಳೆಯಷ್ಟೂ ತಪ್ಪಿಲ್ಲ. ಕುರ್ಚಿಯ ಕೈ ಅಲುಗಿಸಿದ. ಕಿರ್ರೆನ್ನಲಿಲ್ಲ. ಕೊನೆಗೆ ಬೆರಳ ಗೆಣ್ಣಿನಿಂದ ಕುರ್ಚಿಯ ಬಲಗೈಯ ಜೋಡಣೆಯ ಮೇಲೆ ಕುಟ್ಟಿ ಕಿವಿಗೊಟ್ಟ. ಬೆಣೆ ಕೂತ ಮರ ಟಣಕ್ಕೆನ್ನುತ್ತದೆ. ಅಂಟು ತುಂಬಿದ್ದರೆ ಸದ್ದು ಮಂಕಾಗುತ್ತದೆ. ಅಕ್ಕಪಕ್ಕದ ಕುರ್ಚಿಗಳೆಲ್ಲ ಟಣಕ್ಕೆಂದಿದ್ದವು. ಇದು ಧಪ್ ಎಂದಿತು. ಎಡಗೈ ಕುಟ್ಟಿದ, ಅಲ್ಲೂ ಧಪ್. ಹಿಡಿದೆ ಕಳ್ಳನನ್ನು ಎಂಬ ಖುಷಿ ಮೈಯೆಲ್ಲ ಹರಿಯಿತು. ಅದರ ಹಿಂದೆಯೇ, ಮಾವನ ಮಗನಲ್ಲವೇ ಎಂಬ ಬೇಸರ. ಎರಡೂ ನಿಜವೇ.

"ಮೇಡಂ, ಇದರಲ್ಲಿ ಅಂಟಿದೆ," ಎಂದ.

ಆಕೆ ಕೂತು, ಕಣ್ಣು ಮುಚ್ಚಿ, ಎದ್ದು ಬಂದರು. "ನನಗೆ ಇಲ್ಲಿರೋದ್ರಲ್ಲೆಲ್ಲ ಇದೇ ಹಿಡಿಸ್ತು. ಅಂಟು ಅಂತ ಹೇಗೆ ಹೇಳ್ತೀರಿ?"

"ಸದ್ದು ಸತ್ತಿದೆ. ನನ್ನ ಕಿವಿ ಸುಳ್ಳು ಹೇಳಲ್ಲ."

"ಕಿವಿ ಮೇಲೆ ಹೋಗಿ ಒಬ್ಬರ ಕುರ್ಚಿನ ಹೊರಗೆ ಹಾಕೋಕಾಗುತ್ತಾ? ಅನುಮಾನ ಇದ್ರೆ ಅಂಕ ಸ್ವಲ್ಪ ಕಡಿಮೆ ಕೊಡಿ, ಮುಗೀತು."

"ಅಂಟು ಇದ್ರೆ ಕುರ್ಚಿ ಹೊರಗೆ ಹೋಗ್ಬೇಕು, ಇಲ್ದಿದ್ರೆ ಪೂರ್ತಿ ಅಂಕ ಸಿಗ್ಬೇಕು. ನಡುವೆ ಏನಿದೆ ಮೇಡಂ? ಒಡೆದು ನೋಡೋಣ."

ಮಾಡಿದವರು ಒಪ್ಪಿದರೆ ಜೋಡಣೆಯನ್ನು ಬಿಚ್ಚಿ ನೋಡಬಹುದೆಂದು ನಿಯಮದಲ್ಲಿತ್ತು. ಅಂಥ ಸಂದರ್ಭ ಇದುವರೆಗೂ ಬಂದಿರಲಿಲ್ಲ. ಆಕೆಗೆ ಮನಸ್ಸಿರಲಿಲ್ಲ, ಆದರೆ ಇವನು ಹಿಡಿದ ಪಟ್ಟು ಬಿಡಲಿಲ್ಲ. ಸಮಿತಿಯ ಗುಮಾಸ್ತ ಹದಿನೇಳನೆಯ ನಂಬರಿನವನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಹೀಗ್ಹೀಗೆ ಅನುಮಾನ ಬಂದಿದೆ, ಬಲಗೈಯ ಜೋಡಣೆ ಒಡೆಯಬೇಕಂತೆ, ನಿಮ್ಮ ಒಪ್ಪಿಗೆ ಬೇಕು ಎಂದ.

"ಅನುಮಾನ ಯಾರಿಗೆ ಬಂದಿರೋದು?" ಎಂದಿತು ಬಾಮೈದನ ದನಿ.

"ಜೋಡಣೆ ನೋಡೋ ತೀರ್ಪುಗಾರರಿಗೆ."

"ಹಾಂ. ಅವರೇನಾ. ಒಡೀಲಿ. ಆದ್ರೆ ಬೇರೆ ಯಾರೂ ಬೇಡ, ಅವರ ಕೈಯಿಂದಲೇ ಒಡೀಲಿ."

ಭಂಡ ಧೈರ್ಯ ಎಂದುಕೊಂಡ ಮೂಲೆಮಟ್ಟ. ಸಿಕ್ಕಿಬಿದ್ದವರು ಹೀಗೇ ಜೋರು ಮಾಡುತ್ತಾರೆ. ಕುರ್ಚಿಯ ಕೈಯ ಹಿಂದಿನ ತುದಿಗೆ ಮರದ ಮೊಳೆ ಇತ್ತು, ಅದನ್ನು ಬಡಿದು ಸಲೀಸಾಗಿ ತೆಗೆದ. ಆಮೇಲೆ ಉಳಿಯ ಬಾಯನ್ನು ಮರದ ಎಳೆಗೆ ಸರಿಯಾಗಿ ಇಟ್ಟು ಬಡಿದ. ಒಳ್ಳೆಯ ಮರ, ಬೇಗ ಒಪ್ಪಲಿಲ್ಲ. ಮತ್ತೆ ಬಡಿದ. ಕೈ ಉದ್ದಕ್ಕೆ ಸೀಳಿ ಎರಡು ಹೋಳಾಗಿ ನೆಲಕ್ಕೆ ಬಿತ್ತು.

ಕಾಲಿನ ತುದಿಯಲ್ಲಿ ನಾಲಿಗೆ ಅರಳಿಕೊಂಡು ನಿಂತಿತ್ತು. ಎಲ್ಲೂ ಅಂಟಿನ ಸುಳಿವಿಲ್ಲ. ಸೀಳಿನೊಳಗೆ ಎರಡು ಬೆಣೆಗಳು ಗಟ್ಟಿಯಾಗಿ ಕೂತಿದ್ದವು. ಆದರೆ ಬೆಣೆಗಳು ಕುರ್ಚಿಯ ಮರದವಲ್ಲ, ಕಪ್ಪಗಿದ್ದವು. ವರ್ಷಗಟ್ಟಲೆ ಕೈ ಬೆವರು, ಎಣ್ಣೆ ಕುಡಿದು ಕಬ್ಬಿಣದಂತಾದ ಮರ. ಅದರ ಎಳೆಯನ್ನು ಅವನು ಎಲ್ಲಿ ಕಂಡರೂ ಗುರುತಿಸಬಲ್ಲ, ಅದರ ಪೆಟ್ಟು ಕೇಳುತ್ತಲೇ ಅವನು ಕೆಲಸ ಕಲಿತದ್ದು. ಮಾವನ ಕೊಡತಿ.

ಸದ್ದು ಸತ್ತದ್ದು ಅದಕ್ಕೇ, ಎಣ್ಣೆ ಕುಡಿದ ಬೇರೆ ಮರ ಟಣಕ್ಕೆನ್ನುವುದಿಲ್ಲ. ಬೆಣೆ ಅಂದರೆ ಅದೇ ಮರದ್ದು ಎಂಬ ಮಾವನ ಕಟ್ಟಪ್ಪಣೆ ಇವನ ಕಿವಿಯಲ್ಲಿ ಎಷ್ಟು ಆಳಕ್ಕೆ ಕೂತಿತ್ತೆಂದರೆ, ಬೇರೆ ಮರ ಇರಬಹುದು ಎಂಬ ಯೋಚನೆ ಹತ್ತಿರಕ್ಕೂ ಸುಳಿದಿರಲಿಲ್ಲ. ಮರಗೆಲಸ ಬಾರದವನು ಕುಟ್ಟಿದ್ದರೆ ಧಪ್ಪಿಗೂ ಟಣಕ್ಕಿಗೂ ವ್ಯತ್ಯಾಸವೇ ತಿಳಿಯದೆ ಕುರ್ಚಿ ಉಳಿದುಕೊಳ್ಳುತ್ತಿತ್ತು.

"ಅಂಟಿಲ್ಲ ಅಲ್ವಾ?" ಎಂದರು ಆಕೆ.

"ಇಲ್ಲ." ಅವನು ಉಳಿಯನ್ನು ಕೆಳಗಿಟ್ಟ. "ಮೇಡಂ, ಇದು ನನ್ನ ಬಾಮೈದನ ಕುರ್ಚಿ."

"ಒಡೆಯೋಕೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲಿದ್ದ ಎರಡು ಹೋಳುಗಳನ್ನು ಎತ್ತಿ ಕುರ್ಚಿಯ ಮೇಲಿಟ್ಟು, ಮುಂದಿನ ನಂಬರಿನ ಕಡೆಗೆ ನಡೆದರು. ಕೈ ಮುರಿದ ಕುರ್ಚಿಗೆ ಪ್ರಶಸ್ತಿ ಕೊಡುವ ಹಾಗಿರಲಿಲ್ಲ. ಅದು ಯಾರದೋ ಬೆತ್ತದ ಬೆನ್ನಿನ ಕುರ್ಚಿಯ ಪಾಲಾಯಿತು. ಅದೂ ಒಳ್ಳೆಯ ಕುರ್ಚಿಯೇ, ಆದರೆ ಹದಿನೇಳರ ಮುಂದೆ ಏನೂ ಅಲ್ಲ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಗುತ್ತಿರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು.

"ಕೊಡತಿ ನೀನೇ ಕೊಟ್ಟಿದ್ದಾ?" ಎಂದ.

"ನಾನೇ ಕೊಟ್ಟಿದ್ದು. ಒಡೆದ ಕೊಡತಿ, ಧೂಳು ತಿಂತಾ ನೇತಾಡ್ತಿತ್ತು. ಪ್ರಶಸ್ತಿ ಬರಲಿ ಬಿಡಲಿ, ಕುರ್ಚಿಯೊಳಗೆ ಅಪ್ಪಂದೂ ಒಂದು ಚೂರು ಇರಲಿ ಅಕ್ಕಾ, ಯಾರಿಗೂ ಕಾಣೋದು ಬೇಡ ಅಂದ. ಕೊಟ್ಟೆ."

"ನನಗ್ಯಾಕೆ ಹೇಳಲಿಲ್ಲ? ನಾನು ಕೇಳಿದ್ದೆ."

"ನೀವು ಕೇಳಲಿಲ್ಲ ರೀ, ತನಿಖೆ ಮಾಡಿದ್ರಿ. ಜೊತೆಗೆ ನೀವು ತೀರ್ಪುಗಾರರು, ನಿಮಗೆ ಹೇಳಿದ್ರೆ ಯಾವ ಕುರ್ಚಿ ತನ್ನದು ಅಂತ ಹೇಳಿಕೊಟ್ಟ ಹಾಗಾಗುತ್ತೆ ಅಂತ ಅವನೇ ಬೇಡ ಅಂದ. ಅಷ್ಟು ನಿಯತ್ತು ಅವನಿಗೆ."

"ಅಂಗಡಿಯಲ್ಲಿ ಅಂಟಿನ ಡಬ್ಬಿ ನೋಡಿದೆ ಕಣೇ..."

"ನಮ್ಮ ಅಂಗಡಿಯಲ್ಲಿ ಏನಿದೆ, ತುಪ್ಪದ ಡಬ್ಬೀನಾ? ಬೀದಿಯಲ್ಲಿ ಅಂಟಿಲ್ಲದ ಒಂದು ಅಂಗಡಿ ತೋರಿಸಿ ನೋಡೋಣ. ಜನರ ಮೇಜು ಕಪಾಟಿಗೆಲ್ಲ ನೀವೇನು ಉಗುಳು ಹಚ್ಚಿ ಕೂರಿಸ್ತೀರಾ?"

ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಬಾಮೈದ ಬಂದು ಎದೆಪಟ್ಟಿ ಹಿಡಿದು ನಾಲ್ಕು ಮಾತು ಬೈದು ಹೋಗಲಿ ಎಂದು ಕಾದ. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಉಳಿ ಕೆಳಗಿಡುತ್ತಿದ್ದ. ಅವನಂತೂ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಬಂದ. ಕೈಗಾಡಿಯಲ್ಲಿ ಕುರ್ಚಿ, ಬಗಲಲ್ಲಿ ಬಟ್ಟೆ ಸುತ್ತಿದ ಒಂದು ತುಂಡು. ಕುರ್ಚಿಯನ್ನು ಇಳಿಸಿ ಭಾವನ ಮುಂದೆ ಇಟ್ಟ.

"ಇದಕ್ಕೆ ಬಲಗೈ ಮಾಡಿಕೊಡಿ ಭಾವ."

"ನಾನಾ?"

"ಒಡೆದೋರು ನೀವೇ ತಾನೆ." ಬಟ್ಟೆ ಬಿಚ್ಚಿದ. ಒಳಗೆ ಕೊಡತಿಯ ಉಳಿದ ಭಾಗ ಇತ್ತು. "ಬೆಣೆ ಇದರಿಂದಲೇ ಮಾಡಿ. ನಾನು ಒಳಗೆ ಅಕ್ಕನ ಹತ್ರ ಕೂತಿರ್ತೀನಿ. ಬಡಿಯೋವಾಗ ಕರೀಬೇಡಿ."

"ನೋಡಲ್ವಾ? ಒಂದ್ಸಲ ಬಡಿದ ಮೇಲೆ ಒಳಗೇನಿದೆ ಅಂತ ಕಾಣಲ್ಲ ಕಣೋ."

"ಗೊತ್ತು," ಎಂದು ಬಾಮೈದ ಒಳಗೆ ಹೋದ.

ಮೂಲೆಮಟ್ಟ ಮರ ಆರಿಸಿ, ಕೀಸಿ, ಕೈಗೆ ಆಕಾರ ಕೊಟ್ಟ. ಅಡಿಭಾಗವನ್ನೂ ನುಣ್ಣಗೆ ಮಾಡಿದ. ಹಳೆಯ ಬೆಣೆಗಳನ್ನು ಇಕ್ಕಳದಿಂದ ಎಳೆದು ತೆಗೆದಾಗ ನಾಲಿಗೆ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಒಮ್ಮೆ ಅರಳಿದ್ದು, ಮೊದಲಿನ ಬಿಗಿ ಎಲ್ಲಿಂದ ಬರಬೇಕು? ಹೊಸ ಬೆಣೆ ಎಷ್ಟು ಉದ್ದ ಇರಬೇಕೆಂದು ಅಂದಾಜೇ ಮಾಡಬೇಕು. ಉದ್ದವಾದರೆ ಕೈ ಪೂರ್ತಿ ಇಳಿಯದೆ ನಡುವೆ ನಿಂತುಬಿಡುತ್ತದೆ. ಗಿಡ್ಡವಾದರೆ ಸಡಿಲ, ನಾಳೆ ಯಾರಾದರೂ ಭಾರ ಬಿಟ್ಟರೆ ಕಿತ್ತು ಬರುತ್ತದೆ. ಹಾಕಿ ನೋಡಿ ತೆಗೆಯುವ ಕೆಲಸ ಅಲ್ಲ ಇದು. ಇಷ್ಟು ವರ್ಷ ಎಷ್ಟೋ ಬೆಣೆ ಬಡಿದವನು ಅವತ್ತು ಒಂದೇ ಬೆಣೆಯನ್ನು ಮತ್ತೆ ಮತ್ತೆ ಅಳೆದ.

ಕಪಾಟಿನ ಮೇಲೆ ಅಂಟಿನ ಡಬ್ಬಿ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕುಳಿಯ ಬಾಯೊಳಕ್ಕೆ ಒಂದು ಹನಿ ಬಿಟ್ಟರೆ ಸಾಕು, ಬೆಣೆ ಗಿಡ್ಡವಾಗಿದ್ದರೂ ಕೈ ಅಲುಗುವುದಿಲ್ಲ. ಸ್ಪರ್ಧೆ ಮುಗಿದಿದೆ, ನಿಯಮ ಕೇಳುವವರಿಲ್ಲ, ನೋಡುವವನು ನೋಡುವುದಿಲ್ಲ ಎಂದು ಹೇಳಿ ಹೋಗಿದ್ದಾನೆ. ಅವನು ಡಬ್ಬಿಯನ್ನು ನೋಡುತ್ತ ಸುಮಾರು ಹೊತ್ತು ನಿಂತ. ಒಳಗಿನಿಂದ ಅಕ್ಕ ತಮ್ಮ ಏನೋ ಮಾತಾಡಿಕೊಂಡು ನಗುವುದು ಕೇಳಿಸಿತು. ಈ ಸಲ ಅವರು ಮಾತು ನಿಲ್ಲಿಸಲಿಲ್ಲ.

ಡಬ್ಬಿಯನ್ನು ಮುಟ್ಟಲಿಲ್ಲ. ಬೆಣೆಗಳ ಮೂತಿ ಸಿಕ್ಕಿಸಿ, ಉಸಿರು ಬಿಗಿ ಹಿಡಿದು ಬಡಿದ. ಕೈ ಇಳಿಯಿತು, ಇನ್ನೂ ಇಳಿಯಿತು, ಕೊನೆಯ ಪೆಟ್ಟಿಗೆ ಕಾಲಿನ ಮೇಲೆ ಒಂದು ಗೆರೆಯೂ ಕಾಣದಂತೆ ಕೂತಿತು. ಹಿಂದಿನ ಮರದ ಮೊಳೆ ಬಡಿದು, ಬೆವರು ಒರೆಸಿಕೊಂಡು, ಬಾಮೈದನನ್ನು ಕೂಗಿದ. ಹೆಂಡತಿಯೂ ಹಿಂದೆಯೇ ಬಂದಳು.

ಬಾಮೈದ ಕುರ್ಚಿಯಲ್ಲಿ ಕೂತ. ಕುಟ್ಟಿ ನೋಡಲಿಲ್ಲ, ಅಲುಗಿಸಿ ನೋಡಲಿಲ್ಲ. ಮೈಭಾರವನ್ನೆಲ್ಲ ಬಲಗೈ ಮೇಲೆ ಬಿಟ್ಟು, ಅಕ್ಕ ಕೊಟ್ಟ ಚಹಾ ಕುಡಿಯತೊಡಗಿದ.

"ಒಂದ್ಸಲ ಕುಟ್ಟಿ ನೋಡೋ," ಎಂದ ಮೂಲೆಮಟ್ಟ.

"ಯಾಕೆ ಭಾವ? ಚೆನ್ನಾಗಿ ಕೂತಿದೆಯಲ್ಲ."

"ಕುಟ್ಟಿದ್ರೂ ಧಪ್ ಅಂತಲೇ ಅನ್ನುತ್ತೆ. ಕೊಡತಿ ಮರದ್ದು ನೋಡು, ಅದಕ್ಕೆ."

"ಅದು ನನಗೆ ಗೊತ್ತು ಭಾವ."

"ಅಂಟು ಹಾಕಿದೀನಾ ಅಂತ ಕೇಳೋದಾದ್ರೂ ಕೇಳೋ."

"ನಾನು ಕೇಳಲ್ಲ."

"ನಾನು ಹಾಕಿಲ್ಲ ಕಣೋ! ನಿಮ್ಮಪ್ಪನ ಆಣೆ, ಒಂದು ಹನೀನೂ ಹಾಕಿಲ್ಲ."

ಬಾಮೈದ ಲೋಟದ ಮೇಲಿಂದ ಅವನನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಸರಿ ಭಾವ," ಎಂದ.

ಚಹಾ ಮುಗಿಸಿ, ಲೋಟವನ್ನು ಅಕ್ಕನ ಕೈಗೆ ಕೊಟ್ಟು, ಕುರ್ಚಿಯನ್ನು ಗಾಡಿಗೆ ಏರಿಸಿಕೊಂಡು ಹೊರಟುಹೋದ. ಮೂಲೆಮಟ್ಟ ಬಾಗಿಲಿಗೆ ಬಂದು, ಗಾಡಿ ಬೀದಿಯ ಆ ಕೊನೆಗೆ ಮುಟ್ಟುವವರೆಗೂ ನೋಡುತ್ತ ನಿಂತ. ನಂಬಿ ಸರಿ ಎಂದನೋ, ನಂಬದೆ ಸರಿ ಎಂದನೋ?

"ಏನನ್ಸುತ್ತೆ ನಿಂಗೆ? ನನ್ನ ಮಾತು ನಂಬಿದ್ನಾ ಅವನು?" ಎಂದು ಹೆಂಡತಿಯನ್ನು ಕೇಳಿದ.

"ನಂಗೇನು ಗೊತ್ತು ರೀ," ಎಂದಳು ಅವಳು, ಖಾಲಿ ಲೋಟ ಹಿಡಿದು ಒಳಗೆ ಹೋಗುತ್ತ. "ಒಡೆದು ನೋಡೋಕಾಗುತ್ತಾ?"